ಬರಿ ಲೋಟ ವಾಪಸ್ ಕೊಡಬಾರದು

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಕಟ್ಟಿದವನು ಒಬ್ಬನೇ ಮಲಗುತ್ತಿದ್ದನೆಂದು ಕಾಣುತ್ತದೆ. ಒಂದೇ ಜಮಖಾನದ ಮೇಲೆ ನಡುವೆ ಅಜ್ಜಿ, ಆಚೆ ಈಚೆ ಮೊಮ್ಮಕ್ಕಳು, ಕಾಲ ದಿಕ್ಕಿಗೆ ರಜಕ್ಕೆ ಬಂದ ಸೋದರಮಾವನ ಮಕ್ಕಳು ಮಲಗುವ ಮನೆಯಲ್ಲಿ ಕಾಲು ಚಾಚುವ ಪ್ರಶ್ನೆಯೇ ಏಳುವುದಿಲ್ಲ. ಯಾರ ಕಾಲು ಯಾರ ಮೇಲೆ ಎನ್ನುವುದಷ್ಟೇ ಅಲ್ಲಿನ ತಕರಾರು. ಕಂಬಳಿಯೂ ಒಂದೇ ಆದ್ದರಿಂದ ಈ ತುದಿಯವರು ಎಳೆದುಕೊಂಡರೆ ಆ ತುದಿಯವರ ಬೆನ್ನು ಬಯಲು.

ಮಿತವ್ಯಯದ ಬಗ್ಗೆ ಉಪದೇಶ ಮಾಡುವವರೂ ಹೀಗೆಯೇ ಒಬ್ಬರೇ ಮಲಗುವ ಪೈಕಿ. ಬೇಡದ್ದನ್ನು ಕೊಳ್ಳಬೇಡಿ, ಖರ್ಚು ಬರೆದಿಡಿ, ಕೋಣೆಯಿಂದ ಹೊರಬಂದರೆ ಲೈಟು ಆರಿಸಿ ಎನ್ನುತ್ತಾರೆ. ಒಳ್ಳೆಯ ಮಾತೇ. ಆದರೆ ಬರೀ ಲೈಟು ಆರಿಸಿ ಸಂಸಾರ ದಡ ಹತ್ತಿಸಿದವರನ್ನು ನಾನು ಈವರೆಗೆ ಕಂಡಿಲ್ಲ. ನಾನು ಕಂಡ ಸಂಸಾರಗಳೆಲ್ಲ ತಿಂಗಳ ಕೊನೆಯ ವಾರ ದಾಟುತ್ತಿದ್ದದ್ದು ಪಕ್ಕದ ಮನೆಯ ಸಕ್ಕರೆ ಡಬ್ಬದ ದಯೆಯಿಂದ. ಆ ಪಕ್ಕದ ಮನೆಯವರು ತಮ್ಮ ಕೊನೆಯ ವಾರ ದಾಟುತ್ತಿದ್ದದ್ದು ನಮ್ಮ ಕಾಫಿಪುಡಿಯಿಂದ.

ನಾನು ಬೆಳೆದದ್ದು ಮೈಸೂರಿನ ಒಂದು ವಠಾರದಲ್ಲಿ. ಎದುರುಬದುರು ಎರಡು ಸಾಲು ಮನೆ, ನಡುವೆ ಚಪ್ಪಡಿ ಹಾಸಿದ ಓಣಿ, ಓಣಿಯ ಕೊನೆಗೆ ನಲ್ಲಿ. ನಲ್ಲಿಯ ಮುಂದೆ ಕೊಡಗಳು ಅವುಗಳ ಒಡತಿಯರಿಗಿಂತ ಶಿಸ್ತಾಗಿ ಸಾಲು ನಿಂತಿರುತ್ತಿದ್ದವು. ಅಲ್ಲಿ ಯಾರಿಗೂ ಸ್ವಂತ ಹೆಸರಿನ ಬಳಕೆ ಅಷ್ಟಾಗಿ ಇರಲಿಲ್ಲ. ಕಂಡಕ್ಟರ್ ಮನೆಯವರು, ಟೀಚರ್ ಮನೆಯವರು, ಟೈಲರ್ ಮನೆಯವರು, ಕೋರ್ಟ್ ಗುಮಾಸ್ತರ ಮನೆಯವರು ಎಂದರೆ ಸಾಕು. ಬಾಗಿಲ ಪಕ್ಕದ ಒಂಟಿ ಕೋಣೆಯಲ್ಲಿ ಹಪ್ಪಳ ಮಾಡಿ ಮಾರುತ್ತಿದ್ದವರು ಹಪ್ಪಳದಜ್ಜಿ. ಅವರ ನಿಜವಾದ ಹೆಸರು ನಮಗೆ ತಿಳಿದದ್ದು ಅವರ ವೈಕುಂಠ ಸಮಾರಾಧನೆಯ ಕಾರ್ಡಿನಿಂದ.

ಈ ವಠಾರವನ್ನು ನಡೆಸುತ್ತಿದ್ದ ಗುಟ್ಟು ಏನೆಂದು ದೊಡ್ಡವಳಾದ ಮೇಲೆ ಯೋಚಿಸಿದ್ದೇನೆ. ಒಳ್ಳೆಯತನವೋ, ಸಂಸ್ಕಾರವೋ ಎಂದು ಹೇಳಿಬಿಡಬಹುದು. ಆದರೆ ಮುಖ್ಯ ಕಾರಣ ಅದಲ್ಲ. ಮುಖ್ಯ ಕಾರಣ, ಯಾರಿಗೂ ಒಂದೇ ದಿನ ಸಂಬಳ ಆಗುತ್ತಿರಲಿಲ್ಲ. ಗುಮಾಸ್ತರಿಗೆ ತಿಂಗಳು ಹುಟ್ಟಿದ ಕೂಡಲೇ ಸಂಬಳ. ಕಂಡಕ್ಟರಿಗೆ ವಾರ ಕಳೆದ ಮೇಲೆ. ಮೂಲೆಮನೆಯ ಕಾರ್ಖಾನೆಯವರಿಗೆ ಹತ್ತರ ಸುಮಾರಿಗೆ. ಟೀಚರಿಗೆ ಯಾವತ್ತು ಎಂದು ದೇವರಿಗೂ ಗೊತ್ತಿರಲಿಲ್ಲ. ಅವರದು ಅನುದಾನದ ಶಾಲೆ, ಬಂದರೆ ಮೂರು ತಿಂಗಳದ್ದು ಒಟ್ಟಿಗೇ ಬರುತ್ತಿತ್ತು. ಟೈಲರಿಗೆ ಜೂನಿನಲ್ಲಿ ಯೂನಿಫಾರಂ, ಆಮೇಲೆ ಗೌರಿಹಬ್ಬದಿಂದ ದೀಪಾವಳಿಯವರೆಗೆ ಸುಗ್ಗಿ, ಉಳಿದಂತೆ ಬರಗಾಲ. ಹೀಗಾಗಿ ಯಾವ ದಿನ ನೋಡಿದರೂ ವಠಾರದ ಯಾವುದಾದರೂ ಒಂದು ಮನೆಯಲ್ಲಿ ದುಡ್ಡು ಇರುತ್ತಿತ್ತು. ಇರುವ ಮನೆಯಿಂದ ಇಲ್ಲದ ಮನೆಗೆ ಐವತ್ತು, ಇಪ್ಪತ್ತು ಕೈಸಾಲ ಹೋಗುತ್ತಿತ್ತು, ಆ ಮನೆಗೆ ಸಂಬಳ ಬಂದ ದಿನ ಇನ್ನೊಂದು ಮನೆಗೆ ಹೊರಡುತ್ತಿತ್ತು. ಎಲ್ಲರಿಗೂ ಒಂದನೇ ತಾರೀಕೇ ಸಂಬಳ ಆಗಿದ್ದರೆ ಇಪ್ಪತ್ತೈದರ ಹೊತ್ತಿಗೆ ಇಡೀ ವಠಾರ ಒಟ್ಟಿಗೇ ಉಪವಾಸ ಬೀಳುತ್ತಿತ್ತು. ಅರ್ಥಶಾಸ್ತ್ರ ಓದಿದವರು ಇದಕ್ಕೆ ಏನೋ ದೊಡ್ಡ ಹೆಸರು ಇಟ್ಟಿರುತ್ತಾರೆ. ನಮ್ಮಮ್ಮ ಇದನ್ನು ‘ತಿರುಗೋ ದುಡ್ಡು’ ಎನ್ನುತ್ತಿದ್ದರು.

ದುಡ್ಡಿಗಿಂತ ಹೆಚ್ಚು ತಿರುಗುತ್ತಿದ್ದದ್ದು ಲೋಟ. ಕೇಳಲು ದೊಡ್ಡವರು ಹೋಗುವಂತಿರಲಿಲ್ಲ. ದೊಡ್ಡವರು ಹೋಗಿ ಇಲ್ಲವೆನಿಸಿಕೊಂಡರೆ ಇಬ್ಬರಿಗೂ ಮುಖಭಂಗ. ಮಕ್ಕಳಿಗೆ ಮುಖವೇ ಇನ್ನೂ ಪೂರ್ತಿ ಬಂದಿರುವುದಿಲ್ಲವಲ್ಲ, ಆದ್ದರಿಂದ ನಮ್ಮನ್ನು ಅಟ್ಟುತ್ತಿದ್ದರು. ಹೋಗುವ ಮುಂಚೆ ಪಾಠ ಒಪ್ಪಿಸಬೇಕು: “ಅಮ್ಮ ಒಂದ್ ಲೋಟ ಸಕ್ಕರೆ ಇದ್ರೆ ಕೊಡ್ಬೇಕಂತೆ, ನಾಡಿದ್ದು ರೇಷನ್ ತಂದ ಕೂಡ್ಲೇ ಕೊಡ್ತಾರಂತೆ.” ಈ ‘ಇದ್ರೆ’ಯನ್ನು ಮರೆಯುವಂತಿಲ್ಲ. ಇಲ್ಲವೆನ್ನಲು ಅವರಿಗೊಂದು ಬಾಗಿಲು ತೆರೆದೇ ಇಡಬೇಕು. ಕೊಡುವಾಗ ಲೋಟದ ತಲೆ ತಟ್ಟಿ ಸಮ ಮಾಡಿ ಕೊಡುತ್ತಾರೆ. ವಾಪಸ್ ಕೊಡುವಾಗ ಗೋಪುರ ಬರುವಷ್ಟು ತುಂಬಿ ಕೊಡಬೇಕು. ಪಾತ್ರೆಯನ್ನು ಎಂದೂ ಬರಿದು ಕಳಿಸಬಾರದು. ಹುಳಿ ಬಂದ ಬಟ್ಟಲಲ್ಲಿ ಕೊನೆಗೆ ಎರಡೆಸಳು ಕರಿಬೇವಾದರೂ, ಒಂದು ನಿಂಬೆಹಣ್ಣಾದರೂ ಇರಬೇಕು. ಇದರಿಂದಾಗಿ ಬಟ್ಟಲುಗಳಿಗೆ ಬಿಡುವೇ ಇರಲಿಲ್ಲ. ಅವರು ಕೊಟ್ಟ ಬಟ್ಟಲನ್ನು ಬರಿದು ಕೊಡಬಾರದೆಂದು ನಾವು ಏನೋ ಹಾಕಿ ಕೊಡುವುದು, ನಾವು ಹಾಕಿಕೊಟ್ಟ ಕಾರಣಕ್ಕೆ ಅವರು ಮತ್ತೇನೋ ಕಳಿಸುವುದು. ಮೊದಲ ಸಲ ಯಾರು ಯಾಕೆ ಕೊಟ್ಟರೆಂದು ಯಾರಿಗೂ ನೆನಪಿರುತ್ತಿರಲಿಲ್ಲ.

ಕೊಡಬಾರದ ಹೊತ್ತುಗಳೂ ಇದ್ದವು. ದೀಪ ಹಚ್ಚಿದ ಮೇಲೆ ಉಪ್ಪು, ಮೊಸರು, ಸೂಜಿ ಆಚೆ ಹೋಗಬಾರದು. ಮಂಗಳವಾರ, ಶುಕ್ರವಾರ ದುಡ್ಡು ಹೊಸಿಲು ದಾಟಬಾರದು. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ. ನಮ್ಮ ಮನೆಗೆ ಬರುತ್ತಿದ್ದ ವಿಚಾರವಾದಿ ಚಿಕ್ಕಪ್ಪ ಇದನ್ನೆಲ್ಲ ಗೊಡ್ಡು ನಂಬಿಕೆ ಎಂದು ಸಿಡಿಮಿಡಿಗೊಳ್ಳುತ್ತಿದ್ದರು. ಅವರು ಎಂದೂ ಸಾಲ ಕೇಳಿದವರಲ್ಲ, ಕೊಟ್ಟವರೂ ಅಲ್ಲ. ವಾರದಲ್ಲಿ ಎರಡು ದಿನ, ದಿನದಲ್ಲಿ ಅರ್ಧ ಹೊತ್ತು ನಯವಾಗಿ ಇಲ್ಲವೆನ್ನಲು ಲಕ್ಷ್ಮಿಯ ಹೆಸರಿನಲ್ಲಿ ಸಿಕ್ಕ ರಜೆ ಅದು. “ಅಯ್ಯೋ, ಇವತ್ತು ಶುಕ್ರವಾರ ಅಲ್ವೇನ್ರೀ” ಎಂದರೆ ಮುಗಿಯಿತು. ಕೇಳಿದವರಿಗೆ ಬೇಸರವಿಲ್ಲ, ಕೊಡದವರಿಗೆ ಪಾಪವಿಲ್ಲ. ತೀರಾ ಬೇಕಾದವರಿಗೆ ಶುಕ್ರವಾರವೂ ಕೊಡುತ್ತಿದ್ದರು ಎನ್ನುವುದನ್ನೂ ಹೇಳಬೇಕು. ಆಗ ದುಡ್ಡನ್ನು ಕೈಗೆ ಕೊಡದೆ ಹೊಸಿಲ ಮೇಲಿಟ್ಟು, “ನಾನ್ ಕೊಟ್ಟಿಲ್ಲ, ನೀವ್ ತಗೊಂಡಿದೀರ” ಎನ್ನುತ್ತಿದ್ದರು. ಲಕ್ಷ್ಮಿ ಅಷ್ಟಕ್ಕೆ ಸುಮ್ಮನಾಗುತ್ತಿದ್ದಳು.

ಈ ಸಾಲಗಳಿಗೆ ಬಡ್ಡಿ ಇರಲಿಲ್ಲ. ಬಡ್ಡಿಯ ಬದಲು ಸುದ್ದಿ ಕೊಡಬೇಕಿತ್ತು. ಸಕ್ಕರೆ ಯಾಕೆ ಬೇಕು, ಯಾರು ಬಂದಿದ್ದಾರೆ, ಹೆಣ್ಣು ನೋಡಲಿಕ್ಕೋ, ಬಂದವರು ಬೆಂಗಳೂರಿನವರೋ, ಹುಡುಗನಿಗೆ ಕೆಲಸ ಖಾಯಂ ಆಗಿದೆಯೋ ಎಂಬುದೆಲ್ಲ ಒಂದು ಲೋಟ ಸಕ್ಕರೆಗೆ ಸಲ್ಲಬೇಕಾದ ವಿವರ. ಹಳೆಯ ವಠಾರಗಳನ್ನು ನೆನೆದು ಕಣ್ಣೊರೆಸಿಕೊಳ್ಳುವವರು ಈ ಬಡ್ಡಿಯ ವಿಷಯ ಎತ್ತುವುದಿಲ್ಲ. ನನಗೆ ಬಂದ ಮೊದಲ ಪ್ರೇಮಪತ್ರ ನನ್ನ ಕೈ ಸೇರುವ ಮುಂಚೆ ಮೂರು ಮನೆಗಳಲ್ಲಿ ಪರಾಂಬರಿಕೆಯಾಗಿತ್ತು. ಟೀಚರ್ ಅದರಲ್ಲಿದ್ದ ಕಾಗುಣಿತದ ತಪ್ಪುಗಳನ್ನು ತಿದ್ದಿದ್ದರು ಎಂದರೆ ನೀವು ನಂಬಲಿಕ್ಕಿಲ್ಲ.

ಹಾಗೆಂದು ಬಾಯಿ ಕಟ್ಟಿಕೊಂಡಿರಬೇಕಾದ ಕಡೆ ಕಟ್ಟಿಕೊಂಡಿರುವುದೂ ಆ ಜನಕ್ಕೆ ಗೊತ್ತಿತ್ತು. ಒಂದು ಸಲ ಕಂಡಕ್ಟರು ಸಸ್ಪೆಂಡ್ ಆದರು. ಬೆಳಗ್ಗೆ ಖಾಕಿ ಹಾಕಿಕೊಂಡು ಹೊರಟು ಪಾರ್ಕಿನಲ್ಲಿ ಕೂತು ಸಂಜೆ ಬರುತ್ತಿದ್ದರು. ಎಲ್ಲರಿಗೂ ಗೊತ್ತು, ಯಾರೂ ಕೇಳಲಿಲ್ಲ. ಅದೇ ವಾರ ಹಪ್ಪಳದಜ್ಜಿಗೆ ಇದ್ದಕ್ಕಿದ್ದಂತೆ ರಟ್ಟೆನೋವು ಬಂತು. “ಲಟ್ಟಿಸಕ್ಕೆ ಆಗ್ತಿಲ್ಲ ಕಣಮ್ಮ, ಆರ್ಡರ್ ಬೇರೆ ಜಾಸ್ತಿ ಇದೆ, ಸ್ವಲ್ಪ ಕೈ ಹಾಕ್ತೀಯಾ” ಎಂದು ಕಂಡಕ್ಟರ ಹೆಂಡತಿಯನ್ನು ಕರೆದರು, ನೂರಕ್ಕೆ ಇಷ್ಟು ಎಂದು ಕೂಲಿ ಕೊಟ್ಟರು. ಟೈಲರಿಗೆ ಕಾಜ ಹಾಕುವ ಹುಡುಗ ಊರಿಗೆ ಹೋಗಿಬಿಟ್ಟ. ರಾತ್ರಿ ಅಂಗಿಗಳ ಗಂಟು ಕಂಡಕ್ಟರ ಮನೆಗೆ ಬರತೊಡಗಿತು. ಗುಮಾಸ್ತರ ಮಗನಿಗೆ ಒಬ್ಬನೇ ಕೂತರೆ ಊಟ ಸೇರುವುದಿಲ್ಲವೆಂಬ ವಿಚಿತ್ರ ಕಾಯಿಲೆ ಶುರುವಾಗಿ ಕಂಡಕ್ಟರ ಇಬ್ಬರು ಹುಡುಗರು ಜತೆಗೆ ಕೂರಬೇಕಾಯಿತು. ಸಹಾಯ ಮಾಡುತ್ತೇವೆ ಎಂದು ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರೂ ಅವರಿಂದ ಸಹಾಯ ಕೇಳಿದರು. ಕೆಲಸ ವಾಪಸ್ ಸಿಕ್ಕ ವಾರ ಅಜ್ಜಿಯ ರಟ್ಟೆನೋವೂ ವಾಸಿಯಾಯಿತು.

ಅಡುಗೆಮನೆಯ ವಿಷಯಕ್ಕೆ ಬಂದರೆ, ಬಡತನದಿಂದ ನಮ್ಮ ನಾಲಗೆಗೆ ಆದಷ್ಟು ಉಪಕಾರ ಸಿರಿತನದಿಂದ ಆಗಿಲ್ಲವೆಂದು ನನ್ನ ಗಟ್ಟಿ ಅಭಿಪ್ರಾಯ. ಹೀರೇಕಾಯಿಯ ಸಿಪ್ಪೆ ಎಸೆಯಲು ಮನಸ್ಸು ಬಾರದ ಯಾವಳೋ ಒಬ್ಬಳು ಅದನ್ನು ಹುರಿದು ಚಟ್ನಿ ಅರೆಯದಿದ್ದರೆ ಹೀರೇಕಾಯಿಯನ್ನು ಇಷ್ಟು ಜನ ಯಾಕೆ ಕೊಳ್ಳುತ್ತಿದ್ದರು? ಕಿತ್ತಳೆ ಸಿಪ್ಪೆಯ ಗೊಜ್ಜಿನ ಮುಂದೆ ಕಿತ್ತಳೆ ಏನೂ ಅಲ್ಲ. ಕರಾವಳಿಯ ಕಡೆ ಕಲ್ಲಂಗಡಿ ತಿಂದು ಅದರ ಬಿಳಿಯ ಭಾಗದಲ್ಲಿ ದೋಸೆ ಹುಯ್ಯುತ್ತಾರೆ, ಹಲಸಿನ ಹಣ್ಣು ಮುಗಿದ ಮೇಲೆ ಬೀಜವನ್ನು ಮಳೆಗಾಲಕ್ಕೆ ಕೂಡಿಡುತ್ತಾರೆ. ಒಬ್ಬಟ್ಟಿನ ಸಾರನ್ನೇ ನೋಡಿ: ಹೂರಣಕ್ಕೆ ಬೇಳೆ ಬೇಯಿಸಿ ಬಸಿದ ನೀರು ಅದು, ಚೆಲ್ಲಿಬಿಡಬಹುದಾಗಿದ್ದ ಕಟ್ಟು. ಈಗ ಆ ಸಾರಿಗಾಗಿಯೇ ಒಬ್ಬಟ್ಟು ಮಾಡಿಸುವವರಿದ್ದಾರೆ. ನಿನ್ನೆಯ ಹುಳಿಯನ್ನು ಇವತ್ತು ಕುದಿಸಿ, ನಾಳೆ ಮತ್ತೆ ಕುದಿಸಿ, ಮೂರನೇ ದಿನ ಅದು ತಳದಲ್ಲಿ ಬತ್ತಿ ಗಟ್ಟಿಯಾದಾಗ ಅದಕ್ಕೆ ಬಿಸಿ ಅನ್ನ ಕಲಸಿ ಅಮ್ಮ ಕೈತುತ್ತು ಹಾಕುತ್ತಿದ್ದರು. ಆ ತುತ್ತಿಗೆ ಅಣ್ಣತಮ್ಮಂದಿರು ಹೊಡೆದಾಡಿದ್ದಾರೆ.

ಕಾಫಿಯ ವಿಷಯದಲ್ಲಿ ಮಾತ್ರ ಜಾತಿಪದ್ಧತಿ ಕಟುವಾಗಿತ್ತು. ಮೊದಲ ಡಿಕಾಕ್ಷನ್ ಅಪ್ಪನಿಗೆ ಮತ್ತು ನೆಂಟರಿಗೆ. ಎರಡನೆಯದು ಅಮ್ಮನಿಗೆ, ಅಜ್ಜಿಗೆ. ಫಿಲ್ಟರಿಗೆ ಮೂರನೇ ಸಲ ಬಿಸಿನೀರು ಹುಯ್ದಾಗ ಇಳಿಯುತ್ತಿದ್ದದ್ದು ನಮಗೆ. ಅದರಲ್ಲಿ ಕಾಫಿಯ ಬಣ್ಣವಿತ್ತು, ಕಾಫಿ ಇತ್ತೆಂದು ಪ್ರಮಾಣ ಮಾಡಲಾರೆ. ನೆಂಟರು ಎದ್ದು ಹೋಗುವಾಗ ಲೋಟದಲ್ಲಿ ಅರ್ಧ ಬಿಟ್ಟರೆ ಅಮ್ಮನ ಮುಖ ನೋಡಲಾಗುತ್ತಿರಲಿಲ್ಲ.

ಹಾಲಿನ ಪ್ಯಾಕೆಟ್ ಬಂದ ಮೇಲೆ ಅದಕ್ಕೊಂದು ಉಪಶಾಸ್ತ್ರ ಹುಟ್ಟಿತು. ಪ್ಯಾಕೆಟ್ಟಿನ ಮೂಲೆ ಚೂರೇ ಚೂರು ಕತ್ತರಿಸಬೇಕು, ತುಂಡು ಬೀಳಬಾರದು. ಹಾಲು ಬಗ್ಗಿಸಿದ ಮೇಲೆ ಸ್ವಲ್ಪ ನೀರು ಹಾಕಿ ಕುಲುಕಿ ಅದನ್ನೂ ಪಾತ್ರೆಗೆ ಸೇರಿಸಬೇಕು. ಆಮೇಲೆ ಪ್ಯಾಕೆಟ್ಟನ್ನು ತೊಳೆದು ಬಚ್ಚಲ ಗೋಡೆಗೆ ಅಂಟಿಸಿ ಒಣಗಿಸಿ ಕೂಡಿಟ್ಟು ಹಳೇ ಪೇಪರಿನವನಿಗೆ ತೂಕಕ್ಕೆ ಹಾಕಬೇಕು. 2024ರ ಜೂನಿನಲ್ಲಿ ಕೆಎಂಎಫ್‌ನವರು ಪ್ರತಿ ನಂದಿನಿ ಪ್ಯಾಕೆಟ್ಟಿಗೂ 50 ಮಿಲಿಲೀಟರ್ ಹಾಲು ಹೆಚ್ಚಿಗೆ ತುಂಬಿ 2 ರೂಪಾಯಿ ಹೆಚ್ಚಿಗೆ ತೆಗೆದುಕೊಂಡರು. ಇದು ಬೆಲೆಯೇರಿಕೆಯೋ ಅಲ್ಲವೋ ಎಂದು ಟೀವಿಯಲ್ಲಿ ವಾದ ನಡೆಯುತ್ತಿದ್ದಾಗ ಅಮ್ಮ ಎರಡು ದಿನ ಸುಮ್ಮನಿದ್ದು, ಆ ಹೆಚ್ಚಿಗೆಯ ಹಾಲನ್ನು ದಿನಾ ಎತ್ತಿಟ್ಟು ಹೆಪ್ಪು ಹಾಕತೊಡಗಿದರು. ವಾರಕ್ಕೊಂದು ಮಜ್ಜಿಗೆಹುಳಿ ಗಿಟ್ಟಿತು. ಕೊಡು ಅಂತ ನಾವು ಕೇಳಿರಲಿಲ್ಲ, ಕೊಟ್ಟ ಮೇಲೆ ಬಿಡೋದ್ಯಾಕೆ ಎಂಬುದು ಅವರ ನಿಲುವು.

ಬಟ್ಟೆಯ ಪುನರ್ಜನ್ಮಗಳನ್ನು ಬರೆದರೆ ಪುರಾಣವಾಗುತ್ತದೆ. ಸೀರೆ ಹರಿದರೆ ಲಂಗ, ಲಂಗ ಹರಿದರೆ ದಿಂಬಿನ ಚೀಲ, ಅದೂ ಹೋದರೆ ಕೈಮಸಿ ಬಟ್ಟೆ. ಉತ್ತರ ಕರ್ನಾಟಕದವರು ನಮಗಿಂತ ರಸಿಕರು. ಹಳೆಯ ಸೀರೆ, ಧೋತರ, ಅಂಗಿಗಳನ್ನೆಲ್ಲ ಒಂದರ ಮೇಲೊಂದು ಹಾಸಿ ಸಾಲು ಹೊಲಿಗೆ ಹಾಕಿ ಕೌದಿ ಮಾಡಿಬಿಡುತ್ತಾರೆ. ಸತ್ತ ಅಜ್ಜಿಯ ಸೀರೆ ಹೊದ್ದುಕೊಂಡು ಮರಿಮಗು ಮಲಗುತ್ತದೆ. ಅದನ್ನು ಹೊಲಿಯುವುದಕ್ಕೂ ಓಣಿಯ ಹೆಂಗಸರು ನಾಲ್ಕು ಮೂಲೆಗೆ ನಾಲ್ವರು ಕೂರಬೇಕು, ಇಲ್ಲವಾದರೆ ಅದು ಮುಗಿಯುವುದಿಲ್ಲ. ನಮ್ಮ ಯೂನಿಫಾರಮ್ಮಿನ ಕಥೆ ಬೇರೆ. ಟೈಲರು ಅಳತೆ ತೆಗೆಯುವಾಗಲೇ ಅಮ್ಮ “ಬೆಳೆಯೋ ಮಕ್ಳು” ಎಂದು ಎರಡೇ ಪದ ಹೇಳುತ್ತಿದ್ದರು. ಅವರು ಅರ್ಥ ಮಾಡಿಕೊಂಡು ಲಂಗದ ಅಂಚನ್ನು ಒಳಗೆ ನಾಲ್ಕು ಬೆರಳು ಮಡಿಸುತ್ತಿದ್ದರು. ವರ್ಷಕ್ಕೊಂದು ಮಡಿಕೆ ಬಿಚ್ಚಿದಾಗ ಬಿಸಿಲು ಕಾಣದ ಕಡುನೀಲಿಯ ಪಟ್ಟಿ ಹೊರಬರುತ್ತಿತ್ತು. ಎಂಟನೇ ಕ್ಲಾಸಿನ ಹೊತ್ತಿಗೆ ನನ್ನ ಲಂಗದ ಮೇಲೆ, ಕಡಿದ ಮರದ ಬೊಡ್ಡೆಯ ಉಂಗುರಗಳ ಹಾಗೆ, ನನ್ನ ವಯಸ್ಸನ್ನು ಎಣಿಸಿ ಹೇಳಬಹುದಿತ್ತು.

ಪಠ್ಯಪುಸ್ತಕ ಮೇಲಿನ ಕ್ಲಾಸಿನವರಿಂದ ಅರ್ಧ ಬೆಲೆಗೆ. ಹಿಂದಿನವರು ಪೆನ್ಸಿಲಿನಲ್ಲಿ ಗುರುತು ಹಾಕಿದ ಉತ್ತರಗಳೂ ಅದೇ ಬೆಲೆಗೆ ಬರುತ್ತಿದ್ದವು, ತಪ್ಪಿದ್ದರೆ ತಪ್ಪೂ ಸೇರಿಸಿ. ಗುಮಾಸ್ತರ ಮನೆಯಲ್ಲಿ ‘ಸುಧಾ’, ನಮ್ಮಲ್ಲಿ ‘ತರಂಗ’. ಗುರುವಾರದ ಹೊತ್ತಿಗೆ ಅದಲು ಬದಲು. ಇದರಲ್ಲಿ ಒಂದೇ ಒಂದು ತೊಂದರೆ ಎಂದರೆ ಧಾರಾವಾಹಿಯ ಮುಂದಿನ ಕಥೆಯನ್ನು ಗುಮಾಸ್ತರ ಹೆಂಡತಿ ನಲ್ಲಿಯ ಹತ್ತಿರವೇ ಹೇಳಿಬಿಡುತ್ತಿದ್ದರು. ಪತ್ರಿಕೆ ಕೈಗೆ ಬರುವ ಹೊತ್ತಿಗೆ ಓದಲು ಉಳಿಯುತ್ತಿದ್ದದ್ದು ಹೊಸರುಚಿ ಮತ್ತು ವಾರಭವಿಷ್ಯ.

ಈಗ ಚೀಟಿಯ ವಿಷಯ. ಇದರಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇದು ಗೊತ್ತಿಲ್ಲದವರು ಗೊತ್ತಿದ್ದವರನ್ನು ದಡ್ಡರೆಂದುಕೊಂಡಿರುತ್ತಾರೆ. ಇಪ್ಪತ್ತು ಜನ ತಿಂಗಳಿಗೆ 500 ರೂಪಾಯಿ ಹಾಕಿದರೆ 10,000. ಇಪ್ಪತ್ತು ತಿಂಗಳು, ತಿಂಗಳಿಗೊಬ್ಬರು ಎತ್ತಬೇಕು. ಯಾರಿಗೆ ತುರ್ತೋ ಅವರು ಬಿಟ್ಟುಕೊಡುವ ಮೊತ್ತ ಕೂಗುತ್ತಾರೆ. ಒಬ್ಬರು ‘ಎರಡು ಸಾವಿರ’ ಎಂದು ಕೂಗಿ ನಿಂತರೆ ಅವರ ಕೈಗೆ 8,000. ಬಿಟ್ಟ 2,000 ಇಪ್ಪತ್ತು ಜನಕ್ಕೂ ಹಂಚಿ ತಲೆಗೆ ನೂರು. ಆ ತಿಂಗಳು 400 ಕಟ್ಟಿದರೆ ಸಾಕು. ಮೊದಲು ಎತ್ತಿದವರಿಗೆ ಅದು ಸಾಲ, ಕೊನೆಗೆ ಎತ್ತುವವರಿಗೆ ಉಳಿತಾಯ. ಒಂದೇ ದುಡ್ಡು ಎರಡೂ ಕೆಲಸ ಮಾಡುತ್ತದೆ. ಅರ್ಜಿಯಿಲ್ಲ, ಜಾಮೀನಿಲ್ಲ. ಸರ್ಕಾರದ 1982ರ ಚೀಟಿ ಕಾಯ್ದೆಯ ಪ್ರಕಾರ ನೋಂದಾಯಿಸಿದ ಚೀಟಿ ನಡೆಸುವವರಿಗೆ ನೂರಕ್ಕೆ ಐದು ಕಮಿಷನ್ ಇತ್ತು, 2019ರ ತಿದ್ದುಪಡಿ ಅದನ್ನು ಏಳಕ್ಕೆ ಏರಿಸಿತು. ನಮ್ಮ ವಠಾರದ ಚೀಟಿಯನ್ನು ಯಾವ ಕಾಯ್ದೆಯೂ ಕಂಡಿರಲಿಲ್ಲ. ನಡೆಸುತ್ತಿದ್ದವರು ಹಪ್ಪಳದಜ್ಜಿ, ಅವರ ಕಮಿಷನ್ ಮೊದಲ ಚೀಟಿ ಅವರಿಗೇ ಪೂರ್ತಿ, ಅಷ್ಟೇ.

ಕೂಗುವ ದಿನ ನೋಡಬೇಕಿತ್ತು. ಕಾಗದದ ಮೇಲೆ ಅದು ಹರಾಜು. ನಡೆಯುವಾಗ ಅದು ಪಂಚಾಯಿತಿ. ಟೈಲರ ಮಗಳಿಗೆ ಹೆರಿಗೆಯೆಂದು ಎಲ್ಲರಿಗೂ ಗೊತ್ತಿದ್ದ ತಿಂಗಳು ಅವರು ಸಣ್ಣ ದನಿಯಲ್ಲಿ “ಇನ್ನೂರು” ಎಂದರೆ ಮಿಕ್ಕ ಹತ್ತೊಂಬತ್ತು ಜನಕ್ಕೂ ಒಮ್ಮೆಲೇ ಗಂಟಲು ಕಟ್ಟಿಬಿಡುತ್ತಿತ್ತು. ಅದೇ, ಕಾರ್ಖಾನೆಯವರು ಟೇಪ್‌ರೆಕಾರ್ಡರ್ ಕೊಳ್ಳಬೇಕೆಂದು ಕೂಗಿದಾಗ ಎಲ್ಲರ ಗಂಟಲೂ ತೆರೆದು ಅದು ಮೂರು ಸಾವಿರಕ್ಕೆ ಹೋಗಿ ನಿಂತಿತು. ಟೇಪ್‌ರೆಕಾರ್ಡರ್ ಬಂತು, ನಮಗೂ ಆ ತಿಂಗಳು ತಲೆಗೆ ನೂರೈವತ್ತು ಉಳಿಯಿತು, ಹಾಡು ಬೇರೆ ಪುಕ್ಕಟೆ. ಚೀಟಿ ಎತ್ತಿಕೊಂಡು ಊರು ಬಿಟ್ಟವರ ಕಥೆಗಳು ಆಗಲೂ ಇದ್ದವು, ಈಗಲೂ ಪೇಪರಿನಲ್ಲಿ ಬರುತ್ತಿರುತ್ತವೆ. ಹಾಗಾಗಿ ಅಪರಿಚಿತರ ಚೀಟಿಗೆ ದುಡ್ಡು ಹಾಕಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಎತ್ತಿದವರ ಮನೆಯ ನಲ್ಲಿಯೂ ನಮ್ಮ ಮನೆಯ ನಲ್ಲಿಯೂ ಒಂದೇ ಆಗಿದ್ದರೆ ಮಾತ್ರ ಅದಕ್ಕೆ ಜಾಮೀನು.

ಇದೇ ಲೆಕ್ಕ ಸ್ವಲ್ಪ ದೊಡ್ಡದಾಗಿ ಬೆಳೆದು ಚರಿತ್ರೆಗೂ ಹೋಗಿದೆ. 1904ರಲ್ಲಿ ಸಹಕಾರ ಸಂಘಗಳ ಕಾನೂನು ಬಂದ ಮರುವರ್ಷವೇ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಸೇರಿಸಿ ಕೃಷಿ ಪತ್ತಿನ ಸಂಘ ಕಟ್ಟಿದರು. ದೇಶದಲ್ಲೇ ಅದು ಮೊದಲನೆಯದೆಂದು ಹೆಸರಾಯಿತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಿಂದ ಪಿಗ್ಮಿ ಶುರುಮಾಡಿತು: ಏಜೆಂಟ್ ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ಇಸಿದುಕೊಂಡು ಹೋಗುವುದು. ಬ್ಯಾಂಕು ಕಟ್ಟಿದವರಲ್ಲಿ ಒಬ್ಬರಾದ ಟಿ.ಎಂ.ಎ. ಪೈಗಳಿಗೆ ಮನುಷ್ಯಸ್ವಭಾವ ಗೊತ್ತಿತ್ತು. ಉಳಿಸಬೇಕೆಂದು ಎಲ್ಲರಿಗೂ ಇರುತ್ತದೆ, ಬ್ಯಾಂಕಿನವರೆಗೆ ನಡೆಯಬೇಕೆಂದು ಮಾತ್ರ ಇರುವುದಿಲ್ಲ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ನಮ್ಮ ಬೀದಿಗೆ ಬರುತ್ತಿದ್ದ ಒಬ್ಬ ಪಿಗ್ಮಿಯವರು ದಿನಕ್ಕೆ ಐವತ್ತು ಹೊಸಿಲು ತುಳಿಯುತ್ತಿದ್ದುದರಿಂದ ಯಾವ ಮನೆಯಲ್ಲಿ ಗಂಡಿದೆ, ಯಾವ ಮನೆಯಲ್ಲಿ ಹೆಣ್ಣಿದೆ, ಯಾರ ಉಳಿತಾಯ ಎಷ್ಟಿದೆ ಎಂದೆಲ್ಲ ತಿಳಿದು ಕೊನೆಗೆ ಮದುವೆ ಕುದುರಿಸುವುದನ್ನೇ ಮುಖ್ಯ ಕಸುಬು ಮಾಡಿಕೊಂಡರು. ಅವರು ತಂದ ಸಂಬಂಧಗಳಲ್ಲಿ ವರದಕ್ಷಿಣೆಯ ಸುಳ್ಳು ಲೆಕ್ಕ ನಡೆಯುತ್ತಿರಲಿಲ್ಲ. ಪಾಸ್‌ಬುಕ್ ಅವರ ಬಾಯಲ್ಲೇ ಇತ್ತು.

ಮದುವೆ ಎಂದ ಮೇಲೆ ಮುಯ್ಯಿ. ನನ್ನ ಮದುವೆಯ ಮುಯ್ಯಿ ಪುಸ್ತಕ ನನ್ನ ಹತ್ತಿರ ಇನ್ನೂ ಇದೆ. ಉದ್ದ ನೋಟ್‌ಬುಕ್ಕು, ಮೂಲೆಗಳಿಗೆ ಅರಿಶಿನ, ಮೇಲೆ ‘ಶ್ರೀ’. ಒಳಗೆ ಸಾಲು ಸಾಲು: ಟೈಲರ್ ಮನೆ 51, ಕಂಡಕ್ಟರ್ ಮನೆ 101, ಹಪ್ಪಳದಜ್ಜಿ 11 ಮತ್ತು ಹಪ್ಪಳ ನೂರು, ಟೀಚರ್ ಗೋಡೆ ಗಡಿಯಾರ. ಹೊರಗಿನವರಿಗೆ ಇದು ಉಡುಗೊರೆಯ ಪಟ್ಟಿ. ಅಮ್ಮನಿಗೆ ಇದು ಬ್ಯಾಂಕಿನ ಲೆಡ್ಜರು. ಯಾರದೇ ಮದುವೆಗೆ ಹೊರಡುವ ಹಿಂದಿನ ರಾತ್ರಿ ಪುಸ್ತಕ ಇಳಿಯುತ್ತಿತ್ತು. ಅವರು ನಮಗೆ ಕೊಟ್ಟದ್ದು ಎಷ್ಟು, ಯಾವ ವರ್ಷ, ಆ ವರ್ಷ ತೆಂಗಿನಕಾಯಿಗೆ ಎಷ್ಟಿತ್ತು, ಈಗ ಎಷ್ಟಿದೆ ಎಂದು ಲೆಕ್ಕ ಹಾಕುತ್ತಿದ್ದರು. ಅವರು ಕೊಟ್ಟದ್ದರಲ್ಲಿ ಆಗ ಎಷ್ಟು ಕಾಯಿ ಬರುತ್ತಿತ್ತೋ ಅದಕ್ಕಿಂತ ಎರಡು ಕಾಯಿ ಜಾಸ್ತಿ ಬರುವಷ್ಟು ದುಡ್ಡು ಲಕೋಟೆಗೆ ಹೋಗಬೇಕು. ರಿಸರ್ವ್ ಬ್ಯಾಂಕಿನವರು ಹಣದುಬ್ಬರಕ್ಕೆ ಏನೇನೋ ಸೂಚ್ಯಂಕ ಇಟ್ಟುಕೊಂಡಿದ್ದಾರೆ. ತೆಂಗಿನಕಾಯಿಯ ಸೂಚ್ಯಂಕದಲ್ಲಿ ಅಮ್ಮ ಎಂದೂ ನಷ್ಟ ಮಾಡಿಕೊಂಡದ್ದಿಲ್ಲ, ಯಾರಿಗೂ ನಷ್ಟ ಮಾಡಿಸಿದ್ದೂ ಇಲ್ಲ.

ಹಾಗಾದರೆ ಇದೆಲ್ಲ ಬರೀ ಲೆಕ್ಕಾಚಾರವೇ ಎಂದು ನನ್ನ ಮಗಳು ಕೇಳುತ್ತಾಳೆ. ಹೌದು, ಪೈಸೆ ಪೈಸೆ ಲೆಕ್ಕ. ಆದರೆ ಈ ಲೆಕ್ಕಕ್ಕೆ ಒಂದು ಕಟ್ಟಳೆ ಉಂಟು: ತಾನು ಎಷ್ಟು ಕೊಡಬೇಕೆಂದು ಪಕ್ಕಾ ನೆನಪಿರಬೇಕು, ತನಗೆ ಎಷ್ಟು ಬರಬೇಕೆಂದು ನೆನಪಿದ್ದರೂ ಬಾಯಿಗೆ ಬರಬಾರದು. ಈಚೆಗೆ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚು ಹಾಕಿಸಿದ ಲಗ್ನಪತ್ರಿಕೆ ನೋಡಿದಾಗ ಅಮ್ಮ ತುಂಬ ಹೊತ್ತು ಅದನ್ನು ಹಿಂದೆ ಮುಂದೆ ತಿರುಗಿಸಿದರು. ದೊಡ್ಡ ಮನಸ್ಸು ಎಂದು ಹೊಗಳುತ್ತಾರೆಂದುಕೊಂಡೆ. “ಇವ್ರಪ್ಪನ ಮದುವೇಲಿ ಇಸ್ಕೊಂಡಿದ್ದು ನಾವೀಗ ಎಲ್ಲಿ ತೀರಿಸೋದು?” ಎಂದರು.

ರವಿಕೆ ಕಣದ ವಿಷಯ ಎಲ್ಲರಿಗೂ ಗೊತ್ತಿರುವುದರಿಂದ ಬೇಗ ಮುಗಿಸುತ್ತೇನೆ. ಅದನ್ನು ಯಾರೂ ಹೊಲಿಸುವುದಿಲ್ಲ. ಗೌರಿಹಬ್ಬದ ಬಾಗಿನದಲ್ಲಿ ಹೊರಟು ದಸರಾ ಗೊಂಬೆಯ ಅರಿಶಿನ ಕುಂಕುಮದಲ್ಲಿ ಮೂರು ಮನೆ ಸುತ್ತಿ ಸಂಕ್ರಾಂತಿಯ ಹೊತ್ತಿಗೆ ಮನೆಗೆ ಬರುತ್ತದೆ. ಅಮ್ಮ ಒಂದು ಹಸಿರು ಕಣದ ಮೂಲೆಗೆ ಗುರುತಿಗೆಂದು ಸಣ್ಣ ಗಂಟು ಹೊಲಿದು ಬಿಟ್ಟಿದ್ದರು. ಅದು ಶಿವಮೊಗ್ಗದವರೆಗೆ ಹೋಗಿ ಬಂತು.

ಈಗ ನಾನಿರುವುದು ಬೆಂಗಳೂರಿನ ಫ್ಲಾಟಿನಲ್ಲಿ. ಇಲ್ಲಿ ಕೊತ್ತಂಬರಿ ಸೊಪ್ಪು ಮುಗಿದರೆ ಹತ್ತು ನಿಮಿಷದಲ್ಲಿ ಹುಡುಗನೊಬ್ಬ ಬೈಕಿನಲ್ಲಿ ತಂದು ಕೊಡುತ್ತಾನೆ. ಪಕ್ಕದ ಮನೆಯ ಬಾಗಿಲು ತಟ್ಟುವ ಅಗತ್ಯವಿಲ್ಲ, ಆದ್ದರಿಂದ ಪಕ್ಕದ ಮನೆಯವರ ಬಗ್ಗೆ ನಮಗೇನೂ ಗೊತ್ತಿಲ್ಲ, ನಮ್ಮ ಬಗ್ಗೆ ಅವರಿಗೂ. ಪ್ರೇಮಪತ್ರದ ದೃಷ್ಟಿಯಿಂದ ಇದು ಸುಧಾರಣೆಯೇ. ಮನೆಗೆಲಸಕ್ಕೆ ಬರುವಾಕೆಯ ಓಣಿಯಲ್ಲಿ ಮಾತ್ರ ಹಳೆಯ ವ್ಯವಹಾರ ಜೋರಾಗಿ ನಡೆದಿದೆ. ಗೃಹಲಕ್ಷ್ಮಿಯ ಎರಡು ಸಾವಿರ ನೇರವಾಗಿ ಚೀಟಿಗೆ ಹೋಗುತ್ತದೆ. 2023ರ ಜೂನಿನಿಂದ ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲೆ ಆಕೆ ಭಾನುವಾರ ಕೆ.ಆರ್. ಮಾರುಕಟ್ಟೆಗೆ ಹೋಗಿ ನಾಲ್ಕು ಮನೆಗೆ ಆಗುವಷ್ಟು ತರಕಾರಿ ಸಗಟಿನಲ್ಲಿ ತರುತ್ತಾಳೆ. “ಬಸ್ಸು ಸರ್ಕಾರದ್ದು, ಚೌಕಾಸಿ ನಂದು, ಹೊರೋನು ನನ್ ಮಗ” ಎಂದು ಕೆಲಸ ಹಂಚಿದ್ದಾಳೆ. ಬೆಳಗಾವಿ ಜಿಲ್ಲೆಯ ಅಜ್ಜಿಯೊಬ್ಬರು 2024ರಲ್ಲಿ ಕೂಡಿಟ್ಟ ಗೃಹಲಕ್ಷ್ಮಿ ದುಡ್ಡಿನಲ್ಲಿ ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದ್ದನ್ನು ಪೇಪರಿನಲ್ಲಿ ಓದಿ ಹೇಳಿದಾಗ ಆಕೆಗೆ ಆಶ್ಚರ್ಯವೇನೂ ಆಗಲಿಲ್ಲ. “ಊರವರು ಅಜ್ಜಿಗೆ ಮೊದ್ಲು ಎಷ್ಟು ಸಲ ಹಾಕಿದ್ರೋ ಏನೋ” ಎಂದಳು.

ಆಕೆಯ ಚೀಟಿಗೆ ನಾನೂ ಸೇರಿದ್ದೇನೆ. ನಾನು ಸೇರಿದ್ದು ತಿಳಿದು ಮೇಲಿನ ಮಹಡಿಯ ಸಾಫ್ಟ್‌ವೇರ್ ಹುಡುಗ ಕಂಪ್ಯೂಟರ್ ತಂದು ತೋರಿಸಿದ. ಇಂಥ ತಿಂಗಳು ಎತ್ತಿದರೆ ನೂರಕ್ಕೆ ಇಷ್ಟು ಬಡ್ಡಿ ಬಿದ್ದಹಾಗಾಗುತ್ತದೆ, ಮ್ಯೂಚುವಲ್ ಫಂಡಿನಲ್ಲಿ ಹಾಕಿದ್ದರೆ ಇಷ್ಟು ಬರುತ್ತಿತ್ತು ಎಂದು ಬಣ್ಣ ಬಣ್ಣದ ಪಟ್ಟಿ. ಆಕೆ ನೆಲ ಒರೆಸುತ್ತಲೇ ಕೇಳಿಸಿಕೊಂಡಳು. “ಅದ್ರಲ್ಲಿ ಯಾರ್‍ಯಾರು ಇದಾರೆ ಸಾರ್?” ಎಂದು ಕೇಳಿದಳು. ಯಾರು ಅಂತ ಗೊತ್ತಾಗಲ್ಲ, ಲಕ್ಷಾಂತರ ಜನ ಇರ್ತಾರೆ ಎಂದ ಆತ. “ಅಯ್ಯೋ, ಗುರುತಿಲ್ದೋರ ಜತೆ ಚೀಟಿ ಹಾಕ್ತಾರಾ” ಎಂದು ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು.

ಮುಂದಿನ ತಿಂಗಳು ಆತ ಒಂದು ಹೆಸರು ಬರೆಸಿದ. ಅನುಭವಕ್ಕಂತೆ. ಕೂಗುವುದು ಈಗ ವಾಟ್ಸ್ಯಾಪಿನಲ್ಲಿ ನಡೆಯುತ್ತದೆ; ಆತ ಹಿಂದಿನ ಕೂಗುಗಳ ಸರಾಸರಿ ತೆಗೆದು, ಎಲ್ಲಿ ನಿಲ್ಲಬೇಕೆಂದು ದಶಾಂಶ ಬಿಂದುವಿನವರೆಗೆ ಲೆಕ್ಕ ಹಾಕಿ ಕಾದು ಕೂತಿದ್ದಾನೆ. ಈ ಸಲದ್ದು ಇಸ್ತ್ರಿಯವನ ಹೆಂಡತಿಗೆ ಬಿಡಬೇಕು, ಮಗಳ ಕಾಲೇಜು ಫೀಜು ಇದೆ, ಯಾರೂ ಮೇಲೆ ಕೂಗಬಾರದು ಎಂದು ಮಿಕ್ಕವರಿಗೆಲ್ಲ ಗೊತ್ತು. ಅವನಿಗೆ ಯಾರು ಹೇಳಬೇಕೆಂದು ಇನ್ನೂ ತೀರ್ಮಾನವಾಗಿಲ್ಲ. ಹತ್ತನೇ ತಾರೀಕು ಶುಕ್ರವಾರ ಬಿದ್ದಿರುವುದರಿಂದ ಕೂಗು ಗುರುವಾರಕ್ಕೇ ಇಟ್ಟುಕೊಂಡಿದ್ದಾರೆ.